ಸ್ಟೀಲ್ ವಾಚಿನ ಗೀರು: ಉಜ್ಜುವ ಮುನ್ನ ಗೆರೆಯ ದಿಕ್ಕು ನೋಡಿ

ಸ್ಟೀಲಿನ ಮೇಲಿನ ಗೀರನ್ನು ಯಾವ ಪೇಸ್ಟೂ ತುಂಬುವುದಿಲ್ಲ. ಗೀರು ಹೋಗಬೇಕಾದರೆ ಸುತ್ತಲಿನ ಲೋಹ ಅದರ ತಳದ ಮಟ್ಟಕ್ಕೆ ಸವೆಯಬೇಕು. ಹಾಗಾಗಿ ಉಜ್ಜಿದಷ್ಟೂ ವಾಚು ತೆಳುವಾಗುತ್ತದೆ, ಚೂಪಾದ ಅಂಚುಗಳು ಮೊಂಡಾಗುತ್ತವೆ. ಎಷ್ಟು ಕಡಿಮೆ ಉಜ್ಜಿ ಕೆಲಸ ಮುಗಿಸುತ್ತೀರಿ ಎಂಬುದರಲ್ಲೇ ಈ ಕೆಲಸದ ಜಾಣ್ಮೆಯಿದೆ.

ಮೊದಲು, ಮುಟ್ಟಬಾರದ ವಾಚುಗಳು. ಕಪ್ಪು, ಚಿನ್ನ, ಗುಲಾಬಿ ಚಿನ್ನದ ಬಣ್ಣದ ಸ್ಟೀಲ್ ವಾಚುಗಳ ಮೇಲಿರುವುದು ಕೆಲವೇ ಮೈಕ್ರಾನ್ ದಪ್ಪದ ಲೇಪ. ಉಜ್ಜಿದರೆ ಗೀರಿಗಿಂತ ಮೊದಲು ಲೇಪವೇ ಹೋಗಿ ಒಳಗಿನ ಬಿಳಿ ಲೋಹ ಕಾಣುತ್ತದೆ. ಸಿಟಿಜನ್ ಕಂಪನಿಯ ಡ್ಯೂರಾಟೆಕ್ಟ್‌ನಂಥ ಮೇಲ್ಮೈ ಗಟ್ಟಿಗೊಳಿಸಿದ ವಾಚುಗಳಿಗೂ ಕೈ ಹಚ್ಚಬೇಡಿ. ಸೂರ್ಯನ ಕಿರಣಗಳಂತೆ ಗೆರೆಗಳು ಹರಡಿರುವ ಬೆಜೆಲ್ (ಗಾಜಿನ ಸುತ್ತಲಿನ ಉಂಗುರ) ಮತ್ತು ಮರಳು ಸಿಡಿಸಿದಂಥ ಮಂಕು ಮೇಲ್ಮೈ ಕೈಯಿಂದ ಮರಳಿ ಬರುವುದಿಲ್ಲ. ಸಂಗ್ರಹಯೋಗ್ಯ ಹಳೆಯ ವಾಚನ್ನಂತೂ ಇದ್ದ ಹಾಗೇ ಬಿಡುವುದು ಒಳ್ಳೆಯದು. ಪಾಲಿಶ್ ಆಗದ ಕೇಸಿಗೇ, ಅಂದರೆ ವಾಚಿನ ಹೊರಕವಚಕ್ಕೇ, ಅಲ್ಲಿ ಬೆಲೆ ಹೆಚ್ಚು.

ಈಗ ಉಗುರಿನ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಜಾರಿಹೋದರೆ ಮನೆಯಲ್ಲೇ ತೆಗೆಯಬಹುದು. ಸಿಕ್ಕಿಕೊಂಡರೆ ಗೀರನ್ನು ಮಂಕು ಮಾಡಬಹುದೇ ಹೊರತು ಪೂರ್ತಿ ತೆಗೆಯಲು ಹೋಗಬಾರದು. ಪೆಟ್ಟು ಬಿದ್ದು ತಗ್ಗಾದ ಮೂಲೆಗೆ ಲೇಸರ್ ವೆಲ್ಡಿಂಗ್‌ನಿಂದ ಲೋಹ ತುಂಬಿಸಬೇಕು. ಅದು ವರ್ಕ್‌ಶಾಪಿನ ಕೆಲಸ.

ಅನೇಕ ವಾಚುಗಳಲ್ಲಿ ಎರಡು ಬಗೆಯ ಫಿನಿಷ್ ಒಟ್ಟಿಗೇ ಇರುತ್ತವೆ: ಕನ್ನಡಿಯಂತೆ ಹೊಳೆಯುವ ಪಾಲಿಶ್, ಮತ್ತು ಒಂದೇ ದಿಕ್ಕಿನ ಸಣ್ಣ ಗೆರೆಗಳಿರುವ ಬ್ರಷ್ ಫಿನಿಷ್. ಭೂತಗನ್ನಡಿಯಲ್ಲಿ ನೋಡಿ, ಯಾವ ಭಾಗ ಯಾವುದು, ಗೆರೆ ಯಾವ ಕಡೆಗೆ ಓಡುತ್ತದೆ ಎಂದು ಗುರುತಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಎಷ್ಟೋ ವಾಚುಗಳು ಕೆಡುವುದು ಬ್ರಷ್ ಭಾಗಕ್ಕೆ ಪಾಲಿಶ್ ಹಚ್ಚಿದ್ದರಿಂದ.

ಸಮಯ ಹೊಂದಿಸುವ ಗುಂಡಿಯನ್ನು ಪೂರ್ತಿ ಒಳಗೆ ಒತ್ತಿ. ತಿರುಪಿನ ಗುಂಡಿಯಾದರೆ ಬಿಗಿ ಮಾಡಿ. ಸ್ಪ್ರಿಂಗ್ ಪಿನ್ ತೆಗೆಯುವ ಉಪಕರಣದಿಂದ ಚೈನು ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ಹತ್ತು ನಿಮಿಷ ನೆನೆಸಿ, ಮೆದುವಾದ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು ಒಣಗಿಸಿ. ಕೇಸನ್ನು ಮಾತ್ರ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಈ ಹಂತ ಬಿಟ್ಟರೆ ಸಂದಿಯಲ್ಲಿರುವ ಒಂದು ಮರಳಿನ ಕಣ ಬಟ್ಟೆಗೆ ಅಂಟಿಕೊಂಡು ಹೊಸ ಗೀರುಗಳನ್ನು ಎಳೆಯುತ್ತದೆ.

ನಂತರದ್ದು ಟೇಪ್ ಹಚ್ಚುವ ಕೆಲಸ. ಉಜ್ಜುವುದಕ್ಕಿಂತ ಹೆಚ್ಚು ಸಮಯ ಇದಕ್ಕೇ ಹೋಗುತ್ತದೆ, ಹೋಗಲೂ ಬೇಕು. ಮಾಸ್ಕಿಂಗ್ ಟೇಪನ್ನು ಎರಡು ಪದರ ಹಚ್ಚಿ, ಅಂಚನ್ನು ಮರದ ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ. ಕೇಸಿನ ಮೇಲೆ ಬ್ಲೇಡಿನಿಂದ ಟೇಪ್ ಕತ್ತರಿಸಬೇಡಿ. ಮೊದಲೇ ಕತ್ತರಿಸಿ ಹಚ್ಚಿ. ಗಾಜನ್ನು ಪೂರ್ತಿ ಮುಚ್ಚಿ. ಸಫೈರ್ ಗಾಜು ಸ್ಟೀಲಿಗಿಂತ ಎಷ್ಟೋ ಗಟ್ಟಿ, ಆದರೆ ಪ್ರತಿಫಲನ ತಡೆಯುವ ಲೇಪ ಅದರ ಮೇಲ್ಭಾಗದಲ್ಲಿದ್ದರೆ ಪಾಲಿಶ್ ಪೇಸ್ಟಿಗೆ ಅದು ಉಳಿಯುವುದಿಲ್ಲ. ಗುಂಡಿಯ ಬುಡ ಮತ್ತು ಪಿನ್ ಕೂರುವ ರಂಧ್ರಗಳಿಗೂ ಟೇಪ್ ಬೇಕು. ಗುಂಡಿಯ ಒಳಗಿನ ರಬ್ಬರ್ ವಾಷರಿಗೆ ಪೇಸ್ಟು ಸೇರಿದರೆ ನೀರು ತಡೆಯುವ ಶಕ್ತಿ ಕುಂದುತ್ತದೆ.

ಮೊದಲು ಪಾಲಿಶ್ ಭಾಗ ಮುಗಿಸಿ, ಬ್ರಷ್ ಭಾಗವನ್ನು ಕೊನೆಗಿಡಿ. ಪಾಲಿಶ್ ಅಂಚು ದಾಟಿ ಸ್ವಲ್ಪ ಹರಡಿದರೂ ಆಮೇಲೆ ಎಳೆಯುವ ಗೆರೆಗಳು ಅದನ್ನು ಮುಚ್ಚುತ್ತವೆ.

ಪಾಲಿಶ್ ಭಾಗದ ತೆಳು ಗೀರುಗಳಿಗೆ ಕೇಪ್ ಕಾಡ್ ಬ್ರ್ಯಾಂಡಿನಂಥ, ಪಾಲಿಶ್ ಹೀರಿಕೊಂಡಿರುವ ಬಟ್ಟೆ ಸಾಕು. ಕೈಗವಸು ಹಾಕಿ, ಮೂರು ಸೆಂಟಿಮೀಟರಿನಷ್ಟು ತುಂಡು ಕತ್ತರಿಸಿ, ಹಗುರ ಒತ್ತಡದಲ್ಲಿ ಒಂದೆರಡು ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗುವುದು ಸಹಜ, ಲೋಹ ಸವೆಯುತ್ತಿದೆ ಎಂದರ್ಥ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಇನ್ನೂ ಆಳದ ಗೀರಿದ್ದರೆ 1000, 1500, 2000 ನಂಬರಿನ ಉಪ್ಪುಕಾಗದಗಳನ್ನು ನೀರಿನಲ್ಲಿ ನೆನೆಸಿ ಕ್ರಮವಾಗಿ ಬಳಸಿ, ಕೊನೆಗೆ ಮೆಟಲ್ ಪಾಲಿಶ್ ಹಚ್ಚಿ. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿ; ಹಿಂದಿನ ಕಾಗದದ ಗೆರೆಗಳು ಒಂದೂ ಉಳಿಯದಿದ್ದಾಗ ಮಾತ್ರ ಮುಂದಿನದಕ್ಕೆ ಹೋಗಿ. 1000ರ ಗೆರೆ ಉಳಿದಿದ್ದರೆ ಎಷ್ಟು ಪಾಲಿಶ್ ಹಚ್ಚಿದರೂ ಕೊನೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಸಮತಟ್ಟಾದ ಭಾಗಕ್ಕೆ ಕಾಗದವನ್ನು ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬೆರಳ ತುದಿಯಿಂದ ಒತ್ತಿದರೆ ಅಲ್ಲೇ ತಗ್ಗು ಬಿದ್ದು, ಪ್ರತಿಬಿಂಬ ಅಲೆಯಲೆಯಾಗುತ್ತದೆ. ತಿರುಗುವ ಯಂತ್ರ ಬಳಸಲೇಬೇಡಿ. ಕೆಲವೇ ಸೆಕೆಂಡುಗಳಲ್ಲಿ ಅಂಚು ಕರಗಿಹೋಗುತ್ತದೆ.

ಬ್ರಷ್ ಭಾಗಕ್ಕೆ ಬರುವಾಗ ಪಾಲಿಶ್ ಆದ ಭಾಗಗಳಿಗೆಲ್ಲ ಹೊಸದಾಗಿ ಟೇಪ್ ಹಚ್ಚಿ. ಹಗುರ ಗೀರಿಗೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ಸಾಕು. ಆಳದ್ದಕ್ಕೆ ಉಪ್ಪುಕಾಗದ, ಅದೂ ನುಣುಪಿನಿಂದ ಒರಟಿನ ಕಡೆಗೆ: ಮೊದಲು 800 ಹಾಕಿ ನೋಡಿ, ಮೂಡಿದ ಗೆರೆ ಮೂಲಕ್ಕಿಂತ ತೀರ ನವಿರಾಗಿದ್ದರೆ 600, ಮತ್ತೂ ಬೇಕಿದ್ದರೆ 400. ಯಾವುದು ಹೊಂದುತ್ತದೆ ಎಂಬುದನ್ನು ಕಣ್ಣಿಗೆ ಬೀಳದ ಕಡೆ, ಅಂದರೆ ಚೈನಿನ ಲಾಕ್‌ನ ಒಳಮೈಯಲ್ಲಿ ಪರೀಕ್ಷಿಸಿ.

ಚೈನನ್ನು ಎರಡೂ ಬದಿ ಅಂಟುವ ಟೇಪಿನಿಂದ ಹಲಗೆಯ ಮೇಲೆ ನೇರವಾಗಿ ಅಂಟಿಸಿ. ಸ್ಕ್ರಬ್ಬನ್ನು ಗಟ್ಟಿ ರಬ್ಬರಿಗೋ ಮರದ ತುಂಡಿಗೋ ಸುತ್ತಿ, ಮೂಲ ಗೆರೆಯ ದಿಕ್ಕಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಎಳೆತ ಎಳೆಯಿರಿ. ಎತ್ತಿ, ಮರಳಿ ಮೊದಲ ತುದಿಗೆ ಬನ್ನಿ. ಹಿಂದೆ ಮುಂದೆ ತಿಕ್ಕಬಾರದು. ಕೈ ತಿರುಗುವ ಕಡೆ ಗೆರೆ ಬಾಗಿ, ಬೆಳಕಿಗೆ ಹಿಡಿದ ಕೂಡಲೇ ಕಾಣುತ್ತದೆ. ಕೈ ಓರೆಯಾಗುತ್ತಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟುಕೊಳ್ಳಿ. ಐದಾರು ಎಳೆತಕ್ಕೊಮ್ಮೆ ಒರೆಸಿ ನೋಡಿ. ಗೀರಿರುವ ಜಾಗ ಮಾತ್ರ ಉಜ್ಜಿದರೆ ಅಷ್ಟೇ ತೇಪೆಯಾಗಿ ಎದ್ದು ಕಾಣುತ್ತದೆ. ಆ ಇಡೀ ಮುಖವನ್ನು ಉಜ್ಜಬೇಕು.

ಉಕ್ಕಿನ ನಾರು ಬೇಡ. ಅದರ ಕಬ್ಬಿಣದ ಸಣ್ಣ ಚೂರುಗಳು ಮೇಲ್ಮೈಯಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಬಿಡುತ್ತವೆ. ಟೂತ್‌ಪೇಸ್ಟ್ ಅಕ್ರಿಲಿಕ್ ಗಾಜಿಗೆ ಸರಿ. ಸ್ಟೀಲಿನ ಗೀರನ್ನು ಅದು ತೆಗೆಯದು, ಕನ್ನಡಿ ಹೊಳಪನ್ನು ಮಾತ್ರ ಮಂಕಾಗಿಸುತ್ತದೆ.

ಮುಗಿದ ಮೇಲೆ ಟೇಪ್ ಕಿತ್ತು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಯಿಂದ ಒರೆಸಿ. ಚೈನನ್ನು ಮತ್ತೊಮ್ಮೆ ಸೋಪಿನ ನೀರಿನಲ್ಲಿ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೊಂಡಿಗಳ ಸಂದಿಯಲ್ಲಿ ಉಳಿದ ಕಪ್ಪು ಪೇಸ್ಟು ಒಳಗಿನ ಪಿನ್ನುಗಳನ್ನು ಸವೆಸುತ್ತಲೇ ಇರುತ್ತದೆ. ಪೂರ್ತಿ ಒಣಗಿದ ಮೇಲೆ ಚೈನು ಜೋಡಿಸಿ. ಸ್ಪ್ರಿಂಗ್ ಪಿನ್ನಿನ ಎರಡೂ ತುದಿ ರಂಧ್ರಕ್ಕೆ ಕೂತ ಟಕ್ ಸದ್ದು ಕೇಳಿಸಿದ ನಂತರವೂ, ಕೈಗೆ ಕಟ್ಟುವ ಮೊದಲು ಚೈನನ್ನು ಮೆತ್ತನೆಯ ಬಟ್ಟೆಯ ಮೇಲೆ ಒಮ್ಮೆ ಜಗ್ಗಿ ನೋಡಿ.