ಒಂದೇ ಲಾರಿ, ಎರಡು ಕೇಸು

ತಿರುವಿನಲ್ಲಿ ಮಗುಚಿ ಬಿದ್ದ ಲಾರಿಯ ಚಾಲಕ, ಕ್ಲೀನರ್ ಇಬ್ಬರೂ ಒಂದೇ ದಿನ ನನ್ನ ವಕೀಲಿ ಕಚೇರಿಗೆ ಬಂದರು. ಚಾಲಕ ಎಡಗಾಲು ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ಕ್ಲೀನರ್ ಹುಡುಗನ ಬಲಗೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಅದು 2014. ವಾಹನ ಅಂದ ಕೂಡಲೇ ಎಂ.ವಿ.ಸಿ. (ಮೋಟಾರು ವಾಹನ ಅಪಘಾತ ಪರಿಹಾರದ ಕೇಸು) ಅಂತ ನನ್ನ ಕೈ ತಾನಾಗಿಯೇ ಟೈಪ್ ಮಾಡುತ್ತಿದ್ದ ಕಾಲ. ಇಬ್ಬರ ಪರವಾಗಿಯೂ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಿಬಿಟ್ಟೆ. ಎರಡರಲ್ಲೂ ಎಡವಿದೆ. ಒಂದರ ತಪ್ಪು ಬೇಗ ಗೊತ್ತಾಯಿತು, ಇನ್ನೊಂದರದ್ದು ತೀರ್ಪು ಬಂದ ಮೇಲೆ.

ಚಾಲಕನದ್ದು ಮೊದಲು ಹೇಳುತ್ತೇನೆ. 166ರಡಿ ಪರಿಹಾರ ಬೇಕೆಂದರೆ ಬೇರೊಬ್ಬರ ಅಜಾಗರೂಕತೆ ತೋರಿಸಬೇಕು. ಇಲ್ಲಿ ಎದುರಿಗೆ ಬೇರೆ ವಾಹನವೇ ಇರಲಿಲ್ಲ. ಪೊಲೀಸರು ಚಾರ್ಜ್‌ಶೀಟ್ ಹಾಕಿದ್ದು ನಮ್ಮ ಚಾಲಕನ ಮೇಲೆಯೇ. ಆ ಚಾರ್ಜ್‌ಶೀಟನ್ನು ನಾನೇ ಅರ್ಜಿಯ ಜೊತೆ ಲಗತ್ತಿಸಿದ್ದೆ ಅನ್ನುವುದು ಈಗ ನೆನೆದರೆ ನಗು ಬರುತ್ತದೆ. ವಿಮಾ ಕಂಪನಿಯ ಪರ ಇದ್ದ ಹಿರಿಯ ವಕೀಲರು ಕೋರ್ಟಿನ ಪಡಸಾಲೆಯಲ್ಲಿ ನಿಲ್ಲಿಸಿ, "ಏನಪ್ಪಾ, ಆರೋಪೀನೇ ಅರ್ಜಿದಾರನಾ?" ಅಂದರು. ಅಷ್ಟೇ ಸಾಕಾಯಿತು. ರಾತ್ರಿ ಕೂತು 1923ರ ನೌಕರರ ಪರಿಹಾರ ಕಾಯ್ದೆಯನ್ನು ಮೊದಲಿಂದ ಓದಿದೆ.

ಆ ಕಾಯ್ದೆ ಕೇಳುವ ಪ್ರಶ್ನೆಯೇ ಬೇರೆ. ತಪ್ಪು ಯಾರದ್ದು ಅಂತಲ್ಲ, ಕೆಲಸದ ಮೇಲಿದ್ದಾಗ, ಕೆಲಸದ ಕಾರಣಕ್ಕೆ ಗಾಯವಾಯಿತೇ ಅಂತ. ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾಲೀಕ ತಪ್ಪಿಸಿಕೊಳ್ಳಬಹುದು. ಬರೀ ಅಜಾಗರೂಕತೆ ಅಡ್ಡಿಯಲ್ಲ. ಆದರೆ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ಆಗಲೇ ಹತ್ತೊಂಬತ್ತು ತಿಂಗಳು ಕಳೆದಿತ್ತು. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಎರಡು ದಾರಿಯಲ್ಲಿ ಒಂದನ್ನಷ್ಟೇ ಹಿಡಿಯಬಹುದು. ಅದಕ್ಕೇ ಹಳೇ ಅರ್ಜಿಯನ್ನು ಮೆಮೋ ಹಾಕಿ ವಾಪಸು ಪಡೆದು, ಆಮೇಲೆ ಹೊಸದನ್ನು ಸಲ್ಲಿಸಿದೆ. ವಿಮಾ ಕಂಪನಿ ಅದನ್ನೂ ಆಕ್ಷೇಪಿಸಿತು. ಮೊದಲ ಅರ್ಜಿಯಲ್ಲಿ ಗುಣದೋಷದ ಮೇಲೆ ಆದೇಶವೇ ಆಗಿಲ್ಲ ಅನ್ನುವ ಕಾರಣಕ್ಕೆ ಆಕ್ಷೇಪ ನಿಲ್ಲಲಿಲ್ಲ.

ಇನ್ನು ಇವನು ಆ ಲಾರಿಯ ಚಾಲಕನೇ ಹೌದು ಅಂತ ಸಾಬೀತು ಮಾಡುವುದು. ನೇಮಕದ ಪತ್ರ, ಸಂಬಳದ ಚೀಟಿ ಯಾವುದೂ ಇಲ್ಲ. ಮಾಲೀಕ ನೋಟಿಸ್ ಪಡೆದೂ ಬರಲಿಲ್ಲ. ಎಫ್‌ಐಆರ್‌ನಲ್ಲಿ ಹೆಸರಿದೆ, ಅದೊಂದೇ ಸಾಲದು ಅನ್ನಿಸಿತು. ಕೊನೆಗೆ ಚಾಲಕನ ಹೆಂಡತಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದುಕೊಟ್ಟರು. ರಟ್ಟಿಗೆಲ್ಲ ಡೀಸೆಲ್ ವಾಸನೆ. ಒಳಗೆ ಟ್ರಿಪ್ಪಿಗೊಂದು ಪುಟ: ಲೋಡ್ ಎಲ್ಲಿಂದ, ಡೀಸೆಲ್ ಎಷ್ಟು, ಬಾಟಾ ಎಷ್ಟು, ಅಡ್ವಾನ್ಸ್ ಎಷ್ಟು. ಪ್ರತಿ ಪುಟದ ಕೊನೆಗೆ ಮಾಲೀಕನ ಚಿಕ್ಕ ಸಹಿ. ಅಪಘಾತದ ವಾರದ ಪುಟದಲ್ಲಿ ಲೋಡಿನ ವಿವರ ಇದೆ, ಕೆಳಗಿನ ಸಹಿಯ ಜಾಗ ಖಾಲಿ. ಟ್ರಿಪ್ ಮುಗಿಯುವ ಮೊದಲೇ ಅಪಘಾತವಾಗಿತ್ತು ಅಂತ ತೋರಿಸಲು ಆ ಖಾಲಿ ಜಾಗವೇ ನನಗೆ ಎಲ್ಲ ಸಹಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ವೈದ್ಯರ ಸಾಕ್ಷ್ಯಕ್ಕೆ ಪ್ರಮಾಣಪತ್ರಕ್ಕೆಂದೇ ಒಮ್ಮೆ ನೋಡಿದವರನ್ನು ಕರೆಯಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕರೆಸಿದೆ. ಕಾಲಿಗೆ ಶೇ. 36, ಇಡೀ ದೇಹಕ್ಕೆ ಶೇ. 12 ಅಂಗವೈಕಲ್ಯ ಅಂದರು. ಅಲ್ಲಿಗೇ ಬಿಟ್ಟಿದ್ದರೆ ಕೇಸು ಹನ್ನೆರಡಕ್ಕೇ ಕೂತುಬಿಡುತ್ತಿತ್ತು. ದೇಹದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿಗೆ ಪೂರ್ತಿ ಗಳಿಕೆಯೇ ಹೋಯಿತು ಅನ್ನುವುದನ್ನು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ (1976ರ ವರದಿ) ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ನಾನು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ:

"ಈ ಪಾದದಿಂದ ಲಾರಿಯ ಕ್ಲಚ್ ತುಳಿಯೋಕಾಗುತ್ತಾ?"

"ಒಂದೆರಡು ಸಲ ತುಳಿಯಬಹುದು. ಘಾಟಿಯಲ್ಲಿ ದಿನವಿಡೀ ಆಗೋದಿಲ್ಲ. ಕಣಕಾಲಿನ ಕೀಲು ಮಡಚೋದೇ ಇಲ್ಲ."

ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು, ಕೂತು ಮಾಡುವ ಕೆಲಸ ಮಾಡಬಹುದಲ್ಲ ಅಂದರು. ಮಾಡಬಹುದು ಅಂದರು ಡಾಕ್ಟರು. ಅಲ್ಲಿ ಸ್ವಲ್ಪ ಕಳೆದುಕೊಂಡೆವು. ಈ ಕಾಯ್ದೆಯ ಕೇಸು ತೀರ್ಮಾನಿಸುವ ಆಯುಕ್ತರು ಗಳಿಕೆ ಸಾಮರ್ಥ್ಯದ ನಷ್ಟವನ್ನು ಶೇ. 50 ಅಂತ ಹಿಡಿದರು. ಅವನ ಸಂಬಳ 14,000, ಆದರೆ ಆಗ ಕಾಯ್ದೆಯ ಮಿತಿ 8,000 (2020ರ ಜನವರಿಯಲ್ಲಷ್ಟೇ ಅದು 15,000 ಆಯಿತು). 8,000ದ ಶೇ. 60 ಅಂದರೆ 4,800. ವಯಸ್ಸು 35ಕ್ಕೆ ಅನುಸೂಚಿಯ ಗುಣಾಂಕ 197.06. ಗುಣಿಸಿ ಅರ್ಧ ಮಾಡಿದರೆ 4,72,944 ರೂಪಾಯಿ. ಮೇಲೆ ಅಪಘಾತವಾಗಿ ಒಂದು ತಿಂಗಳಾದಂದಿನಿಂದ ಶೇ. 12 ಬಡ್ಡಿ, ಅದನ್ನೂ ವಿಮಾ ಕಂಪನಿಯೇ ಕಟ್ಟಬೇಕು. ಆ ಬಡ್ಡಿಯನ್ನು ಹಗುರವಾಗಿ ಕಾಣಬೇಡಿ. ಎಂ.ವಿ.ಸಿ.ಯಲ್ಲಿ ನಾನು ಸಾಮಾನ್ಯವಾಗಿ ಕಂಡಿದ್ದು ಶೇ. 6.

ಈಗ ಕ್ಲೀನರ್. ಅವನ ಎಂ.ವಿ.ಸಿ. ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು, ಚಾಲಕನ ಅಜಾಗರೂಕತೆಯನ್ನು ಅವನು ಹೇಳಬಹುದಿತ್ತು. (ಒಂದೇ ಬೆಂಚಿನಲ್ಲಿ ಕೂತು ಒಂದೇ ಟೀ ಹಂಚಿಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಮೇಲೆ ಹಾಗೆ ಸಾಕ್ಷಿ ಹೇಳುವುದನ್ನು ನೋಡುವುದು ಸುಲಭವಿರಲಿಲ್ಲ. ಆ ಕಾರಣಕ್ಕೇ ಇಬ್ಬರಿಗೂ ಒಬ್ಬನೇ ವಕೀಲ ಇರಬಾರದಿತ್ತು.) ಪರಿಹಾರವೂ ಆರು ಲಕ್ಷದ ಹತ್ತಿರ ಬಂತು. ಆದರೆ ತೀರ್ಪಿನ ಕೊನೆಯ ಪ್ಯಾರಾದಲ್ಲಿ ಮೊತ್ತ ಎರಡು ಭಾಗವಾಗಿತ್ತು. ಲಾರಿಯ ಪಾಲಿಸಿ ಕಾಯ್ದೆಗೆ ಬೇಕಾದಷ್ಟೇ ಇರುವ ಪಾಲಿಸಿ. ನೌಕರರಿಗೆಂದು ಹೆಚ್ಚುವರಿ ಪ್ರೀಮಿಯಂ ಕಟ್ಟಿರಲಿಲ್ಲ. ಹಾಗಿದ್ದಾಗ ಲಾರಿಯಲ್ಲೇ ಕೆಲಸ ಮಾಡುವವರಿಗೆ ವಿಮಾ ಕಂಪನಿಯ ಹೊಣೆ ನೌಕರರ ಪರಿಹಾರ ಕಾಯ್ದೆಯ ಲೆಕ್ಕದಷ್ಟು ಮಾತ್ರ. ಮಿಕ್ಕಿದ್ದು ಮಾಲೀಕನಿಂದ. ಮಾಲೀಕ ಅಷ್ಟರಲ್ಲಿ ಲಾರಿ ಮಾರಿದ್ದ.

ಪಾಲಿಸಿಯ ನಕಲು ಮೊದಲ ದಿನದಿಂದ ನನ್ನ ಫೈಲಿನಲ್ಲೇ ಇತ್ತು. ಪ್ರೀಮಿಯಂ ವಿವರದ ಆ ಸಾಲಿನ ಎದುರು ಸೊನ್ನೆ ಇದ್ದದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಹುಡುಗನಿಗೆ ಎರಡೂ ದಾರಿಯ ಲೆಕ್ಕ ಬರೆದು ತೋರಿಸಿ, "ಯಾವುದು ಬೇಕು ನೀನೇ ಹೇಳು" ಅನ್ನಬಹುದಿತ್ತು.

ಈಗ ಗಾಯಾಳು ಬಂದರೆ ಮೊದಲು ಕೇಳುವುದು ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯಾ ಅಂತ. ಇದ್ದರೆ ನೌಕರರ ಪರಿಹಾರದ ಬಾಗಿಲು ಮುಚ್ಚಿದಂತೆ. ಆಮೇಲೆ ಚಾರ್ಜ್‌ಶೀಟ್ ಯಾರ ಮೇಲೆ, ಪಾಲಿಸಿ ಎಂಥದ್ದು. ದಿನಾಂಕವನ್ನಂತೂ ಎರಡು ಸಲ ನೋಡುತ್ತೇನೆ. ಎಂ.ವಿ.ಸಿ.ಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಚಾಲಕ ಈಗ ಒಂದು ವೇಬ್ರಿಡ್ಜ್‌ನಲ್ಲಿ ಕೂತು ಚೀಟಿ ಬರೆಯುತ್ತಾನೆ. ಮಾಲೀಕನಿಂದ ಮಿಕ್ಕ ಹಣ ವಸೂಲಿ ಮಾಡಲು ಹಾಕಿದ ಕ್ಲೀನರ್‌ನ ಅಮಲ್ಜಾರಿ ಅರ್ಜಿ ಇನ್ನೂ ನಡೆಯುತ್ತಿದೆ. ವಾಯಿದೆಯ ಹಿಂದಿನ ಸಂಜೆ ತಪ್ಪದೇ ಫೋನ್ ಮಾಡುತ್ತಾನೆ: "ಸಾರ್, ನಾಳೆ ಬರಬೇಕಾ?" ಅದಕ್ಕೆ ಫೀಸು ಇವತ್ತಿಗೂ ತಗೊಂಡಿಲ್ಲ.