ಪದೇ ಪದೇ ಸುಡುತ್ತಿದ್ದ ರೆಸಿಸ್ಟರ್

12 ವೋಲ್ಟ್ ಅಡಾಪ್ಟರಿನಿಂದ ಉರಿಯುವ ಒಂದು ಎಲ್‌ಇಡಿ ದೀಪ ರಿಪೇರಿಗೆ ಬಂತು. ಒಳಗಿನ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ) ಕಪ್ಪಾಗಿತ್ತು. ಅಷ್ಟೇ ಪ್ರತಿರೋಧದ, ಅದೇ ಗಾತ್ರದ ಹೊಸದನ್ನು ಬೆಸುಗೆ ಹಾಕಿದೆ. ಅದೂ ಸ್ವಲ್ಪ ಹೊತ್ತಿಗೇ ವಾಸನೆ ಬಿಡತೊಡಗಿತು.

ಮಲ್ಟಿಮೀಟರ್ ಹಿಡಿದೆ. ರೆಸಿಸ್ಟರಿನ ಎರಡು ತುದಿಗಳ ನಡುವೆ 9 ವೋಲ್ಟ್. ಉಳಿದ 3 ವೋಲ್ಟ್ ಎಲ್‌ಇಡಿಯದು. ಸರಣಿಯಲ್ಲಿ ಮೀಟರ್ ಜೋಡಿಸಿದಾಗ ಕರೆಂಟ್ 0.3 ಆಂಪಿಯರ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಪ್ರತಿರೋಧ ಸಿಗುತ್ತದೆ: 9 ÷ 0.3 = 30 ಓಮ್. ರೆಸಿಸ್ಟರಿನ ಮೇಲೆ ಓಮ್ ಸೂಚಿಸುವ ಬಣ್ಣದ ಪಟ್ಟಿಗಳೂ ಕಿತ್ತಳೆ, ಕಪ್ಪು, ಕಪ್ಪು, ಅಂದರೆ 30. ಪ್ರತಿರೋಧ ಸರಿಯಾಗಿಯೇ ಇದೆ! (ಇಲ್ಲಿ 9ರ ಬದಲು ಅಡಾಪ್ಟರಿನ 12 ವೋಲ್ಟ್ ಹಾಕಿದರೆ 40 ಓಮ್ ಬಂದು ದಾರಿ ತಪ್ಪುತ್ತದೆ. ಯಾವ ಭಾಗದ ಲೆಕ್ಕವೋ ಆ ಭಾಗದ ವೋಲ್ಟೇಜೇ ಬೇಕು.)

ಆಮೇಲೆ ರೆಸಿಸ್ಟರಿನಲ್ಲಿ ಎಷ್ಟು ಶಾಖ ಹುಟ್ಟುತ್ತದೆಂದು ತಿಳಿಯಲು ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದೆ: 9 × 0.3 = 2.7 ವಾಟ್. ಒಳಗಿದ್ದದ್ದು 1 ವಾಟ್ ಮಾತ್ರ ತಾಳಬಲ್ಲ ರೆಸಿಸ್ಟರ್. ಸುಡದೆ ಇನ್ನೇನು?

5 ವಾಟಿನ, 30 ಓಮ್ ತಂತಿ ಸುತ್ತಿದ ರೆಸಿಸ್ಟರನ್ನು ಬೋರ್ಡಿನಿಂದ ತುಸು ಎತ್ತರಿಸಿ ಹಾಕಿದೆ. ಬಿಸಿಯಾಗುತ್ತದೆ, ಆದರೆ ಸುಡುವುದಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಎಲ್‌ಇಡಿಗೆ ಹೋಗುವುದು ಬರೀ 0.9 ವಾಟ್, ರೆಸಿಸ್ಟರಿನಲ್ಲಿ ಶಾಖವಾಗುವುದು ಅದರ ಮೂರು ಪಟ್ಟು. ಹಾಗಾಗಿ ಅಂಥದೇ ಇನ್ನೆರಡು ಎಲ್‌ಇಡಿಗಳನ್ನು ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಸಮೇತ ಸರಣಿಯಲ್ಲಿ ಸೇರಿಸಿದೆ. ಈಗ ರೆಸಿಸ್ಟರಿಗೆ ಉಳಿಯುವುದು 3 ವೋಲ್ಟ್: 10 ಓಮ್ ಸಾಕು, ಶಾಖ 0.9 ವಾಟ್. ಕರೆಂಟ್ ಅಷ್ಟೇ, ಬೆಳಕು ಮೂರು ಪಟ್ಟು.