ಪ್ರಾಕ್ಸಿ ಸರ್ವರ್ ಬದಲಿಸುವಾಗ ಹಳೆಯ ಕ್ಯಾಶ್ ಉಳಿಸಿಕೊಳ್ಳುವುದು ಹೇಗೆ?

ಲ್ಯಾಬಿನ ಕಂಪ್ಯೂಟರುಗಳ ಪರವಾಗಿ ಇಂಟರ್ನೆಟ್ಟಿನಿಂದ ಫೈಲು ತಂದುಕೊಡುವುದು ಪ್ರಾಕ್ಸಿ ಸರ್ವರ್. ಮತ್ತೆ ಕೇಳಿದಾಗ ಕೊಡಲು ಅದು ಉಳಿಸಿಟ್ಟುಕೊಂಡ ಪ್ರತಿಗಳೇ ಕ್ಯಾಶ್. ಕಾಲೇಜು ಲ್ಯಾಬಿನ ಪ್ರಾಕ್ಸಿ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸುವ ಯೋಚನೆ ಇದ್ದರೆ ಮೇ ತಿಂಗಳಲ್ಲೇ ಮುಗಿಸಿಬಿಡಿ. ಮಂಗಳೂರು, ಉಡುಪಿ ಕಡೆ ಜೂನ್ ಬಂತೆಂದರೆ ಗಾಳಿಮಳೆ, ಸಿಡಿಲು, ಕರೆಂಟ್ ಹೋಗಿಬರುವುದು ಇದ್ದದ್ದೇ. ಸರ್ವರ್ ಓಡುತ್ತಿರುವಾಗ ಕರೆಂಟ್ ಹೋದರೆ ಕ್ಯಾಶಿನ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಅಂಥ ಕ್ಯಾಶನ್ನು ಸಾಗಿಸುವುದು ದೊಡ್ಡ ತಲೆನೋವು.

ಇಲ್ಲಿ ಹೇಳುತ್ತಿರುವುದು ಲಿನಕ್ಸ್ ಮೇಲೆ ಓಡುವ ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶದ ಬಗ್ಗೆ. 1996ರಿಂದ ಇರುವ ಇದು ಉಚಿತ, ಹಾಗಾಗಿ ಲ್ಯಾಬುಗಳಿಗೆ ಅನುಕೂಲ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹಳೆಯ ಕ್ಯಾಶ್ ನಿಜವಾಗಿ ಬೇಕಾ? ಈಗ ಹೆಚ್ಚಿನ ಜಾಲತಾಣಗಳು ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕ ಬಳಸುತ್ತವೆ. ಅದರಲ್ಲಿ ಸ್ಕ್ವಿಡ್ ಸುಮ್ನೆ ದಾರಿ ಬಿಟ್ಟುಕೊಡುತ್ತದೆ, ಒಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ವಿಶೇಷ ವ್ಯವಸ್ಥೆ ಮಾಡದ ಹೊರತು ಅದನ್ನು ಉಳಿಸಿಡಲೂ ಆಗುವುದಿಲ್ಲ. ಕ್ಯಾಶ್ ಇನ್ನೂ ಕೆಲಸಕ್ಕೆ ಬರುವುದು ಉಬುಂಟು, ಡೆಬಿಯನ್ ಪ್ಯಾಕೇಜುಗಳಂಥ ಸಾದಾ ಎಚ್‌ಟಿಟಿಪಿ ಫೈಲುಗಳಿಗೆ. ಲ್ಯಾಬಿನಲ್ಲಿ ಎಲ್ಲ ಯಂತ್ರಗಳೂ ಒಂದೇ ಅಪ್‌ಡೇಟ್ ಇಳಿಸುವಾಗ ಇದರಿಂದ ಉಳಿತಾಯ ಜೋರು. ಸ್ಕ್ವಿಡ್ ಪ್ರತಿ ಕೋರಿಕೆಯನ್ನೂ ಬರೆದಿಡುವ ಆಕ್ಸೆಸ್ ಲಾಗ್ ತೆರೆದು ‘ಟಿಸಿಪಿ ಹಿಟ್’ (ಕ್ಯಾಶಿನಲ್ಲೇ ಸಿಕ್ಕಿದ್ದು) ಎಷ್ಟಿದೆ, ‘ಟಿಸಿಪಿ ಮಿಸ್’ (ಅಲ್ಲಿ ಸಿಗದ್ದು) ಎಷ್ಟಿದೆ ನೋಡಿ. ಹಿಟ್ ತೀರಾ ಕಡಿಮೆ ಇದ್ದರೆ ಸಾಗಿಸುವ ಗೋಜಿಗೇ ಹೋಗಬೇಡಿ. ಖಾಲಿ ಕ್ಯಾಶಿನಿಂದ ಶುರುಮಾಡಿ, ತಾನಾಗಿ ತುಂಬುತ್ತದೆ.

ಬೇಕು ಎಂದಾದರೆ ಎರಡು ದಾರಿ ಉಂಟು.

ಮೊದಲನೆಯದು ನೇರ ನಕಲು. ಎರಡೂ ಯಂತ್ರಗಳಲ್ಲಿ ಸ್ಕ್ವಿಡ್ ಆವೃತ್ತಿ ಒಂದೇ ಅಥವಾ ತುಂಬಾ ಹತ್ತಿರದ್ದಾಗಿದ್ದರೆ ಮಾತ್ರ ಇದು ಸಲೀಸು. ಹಳೆಯದು 32 ಬಿಟ್, ಹೊಸದು 64 ಬಿಟ್ ಆಗಿದ್ದರೆ ಎರಡನೆಯ ದಾರಿ ಹಿಡಿಯಿರಿ.

ಸ್ಕ್ವಿಡ್‌ನ ಸಂರಚನಾ ಫೈಲಿನಲ್ಲಿ ‘ಕ್ಯಾಶ್ ಡಿರ್’ ಎಂಬ ಸಾಲು ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಯುಎಫ್‌ಎಸ್ ಎಂಬ ಬಗೆ, ಕ್ಯಾಶ್ ಇರುವ ಫೋಲ್ಡರ್, ಮೆಗಾಬೈಟ್‌ನಲ್ಲಿ ಗಾತ್ರ, ಕೊನೆಗೆ 16 ಮತ್ತು 256 ಎಂಬ ಎರಡು ಅಂಕಿಗಳು ಇರುತ್ತವೆ. ಅಂದರೆ 16 ಫೋಲ್ಡರು, ಒಂದೊಂದರ ಒಳಗೆ 256, ಒಟ್ಟು 4096. ಫೈಲು ಯಾವ ಫೋಲ್ಡರಿನಲ್ಲಿದೆ ಎಂದು ಸ್ಕ್ವಿಡ್ ಲೆಕ್ಕ ಹಾಕುವುದೇ ಈ ಅಂಕಿಗಳಿಂದ. ಹಾಗಾಗಿ ಹೊಸ ಯಂತ್ರದಲ್ಲೂ ಇವೆರಡು ಹಾಗೇ ಇರಬೇಕು. ಗಾತ್ರ ಹೆಚ್ಚಿಸಬಹುದು, ಆದರೆ ರ್‍ಯಾಮ್ ನೋಡಿಕೊಳ್ಳಿ. 64 ಬಿಟ್ ಯಂತ್ರದಲ್ಲಿ ಡಿಸ್ಕಿನ ಪ್ರತಿ 1 ಜಿಬಿ ಕ್ಯಾಶಿಗೆ ಸುಮಾರು 14 ಎಂಬಿ ರ್‍ಯಾಮ್ ಬೇಕು. 100 ಜಿಬಿಗೆ ಅದೇ 1.4 ಜಿಬಿ ಆಯಿತು.

ಫೋಲ್ಡರುಗಳನ್ನು ಇನ್ನೊಂದು ಯಂತ್ರಕ್ಕೆ ನಕಲು ಮಾಡುವ ಆರ್‌ಸಿಂಕ್ ಆದೇಶವನ್ನು ‘ಮೈನಸ್ ಎ’ ಆಯ್ಕೆಯೊಂದಿಗೆ ಎರಡು ಸಲ ಓಡಿಸಿ. ಮೊದಲ ಸಲ ಹಳೆಯ ಸರ್ವರ್ ಕೆಲಸ ಮಾಡುತ್ತಿರುವಾಗಲೇ ಆಗಲಿ. ಹೆಚ್ಚಿನ ಪಾಲು ಆಗಲೇ ದಾಟಿರುತ್ತದೆ. 100 ಎಂಬಿಪಿಎಸ್‌ನ ಹಳೆಯ ಸ್ವಿಚ್ ಇದ್ದರೆ 100 ಜಿಬಿಗೆ ಎರಡು ಗಂಟೆಗಿಂತ ಜಾಸ್ತಿಯೇ ಬೇಕು. ಸಣ್ಣ ಸಣ್ಣ ಫೈಲುಗಳೇ ತುಂಬಿರುವುದರಿಂದ ಇನ್ನೂ ತಡವಾದೀತು.

ಆಮೇಲೆ, ಲ್ಯಾಬ್ ಖಾಲಿ ಇರುವ ಭಾನುವಾರ, ಹಳೆಯ ಸ್ಕ್ವಿಡ್ ನಿಲ್ಲಿಸಿ. ಸ್ವಿಚ್ ಒತ್ತಿ ಆಫ್ ಮಾಡಬೇಡಿ ಮಾರಾಯ್ರೇ! ‘ಸ್ಕ್ವಿಡ್ ಮೈನಸ್ ಕೆ ಶಟ್‌ಡೌನ್’ ಎಂದು ಆದೇಶ ಕೊಟ್ಟು ಕಾಯಿರಿ. ಬಾಕಿ ಸಂಪರ್ಕಗಳು ಮುಗಿಯಲಿ ಎಂದು ಅದು 30 ಸೆಕೆಂಡಿನವರೆಗೆ ತಡೆಯುತ್ತದೆ. ಸ್ಕ್ವಿಡ್ ತನ್ನ ಸ್ಥಿತಿಗತಿ ಬರೆಯುವ ಕ್ಯಾಶ್ ಲಾಗಿನ ಕೊನೆಯಲ್ಲಿ ‘ಎಕ್ಸಿಟಿಂಗ್ ನಾರ್ಮಲಿ’ ಎಂದು ಬಂದರೆ ಸರಿಯಾಗಿ ನಿಂತಿದೆ ಎಂದರ್ಥ. ‘ಸ್ವಾಪ್ ಡಾಟ್ ಸ್ಟೇಟ್’ ಎಂಬ ಫೈಲನ್ನು ಅದು ಆಗ ಶುದ್ಧವಾಗಿ ಬರೆದಿರುತ್ತದೆ. ಗ್ರಂಥಾಲಯದ ರಿಜಿಸ್ಟರ್ ಇದ್ದ ಹಾಗೆ, ಯಾವ ಫೈಲಿನಲ್ಲಿ ಏನಿದೆ ಎಂಬುದು ಅದರಲ್ಲಿದೆ. ಈಗ ಎರಡನೆಯ ಸಲ ಆರ್‌ಸಿಂಕ್ ಓಡಿಸಿ. ಈ ಸಲ ‘ಡಿಲೀಟ್’ ಆಯ್ಕೆಯನ್ನೂ ಸೇರಿಸಿ, ಹಳೆಯ ಕಡೆ ಅಳಿಸಿಹೋದದ್ದು ಹೊಸ ಕಡೆ ಉಳಿಯಬಾರದು ಅಲ್ವಾ?

ಹೊಸ ಯಂತ್ರದಲ್ಲಿ ಫೋಲ್ಡರಿನ ಒಡೆತನ ನೋಡಿ. ಉಬುಂಟುವಿನಲ್ಲಿ ಸ್ಕ್ವಿಡ್ ‘ಪ್ರಾಕ್ಸಿ’ ಎಂಬ ಬಳಕೆದಾರನ ಹೆಸರಲ್ಲಿ ಓಡುತ್ತದೆ, ಫೆಡೋರಾದಲ್ಲಿ ‘ಸ್ಕ್ವಿಡ್’ ಹೆಸರಲ್ಲಿ. ಗಡಿಯಾರವೂ ಸರಿ ಇರಲಿ. ಫೈಲು ಹಳತಾಯಿತೋ ಇಲ್ಲವೋ ಎಂದು ತೀರ್ಮಾನವಾಗುವುದು ಅದರಿಂದ. ‘ಸ್ಕ್ವಿಡ್ ಮೈನಸ್ ಕೆ ಪಾರ್ಸ್’ ಕೊಟ್ಟು ಸಂರಚನೆಯಲ್ಲಿ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು ಶುರುಮಾಡಿ. ಕ್ಯಾಶ್ ಲಾಗಿನಲ್ಲಿ ‘ಕ್ಲೀನ್ ಲಾಗ್’ ಎಂದಿದ್ದರೆ ಕೆಲಸ ಗೆದ್ದಿತು. ‘ಡರ್ಟಿ ಲಾಗ್’ ಎಂದಿದ್ದರೂ ಹೆದರಬೇಡಿ. ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ, ಅಷ್ಟೇ.

ಎರಡನೆಯ ದಾರಿಯೇ ನನಗೆ ಇಷ್ಟ. ಇದರಲ್ಲಿ ಒಂದು ಫೈಲನ್ನೂ ನಕಲು ಮಾಡುವುದಿಲ್ಲ. ಹಳೆಯ ಸರ್ವರಿಗೆ ಬೇರೆ ಐಪಿ ವಿಳಾಸ ಕೊಡಿ, ಅದರ ಹಳೆಯ ವಿಳಾಸವನ್ನು ಹೊಸದಕ್ಕೆ ಕೊಡಿ. ಲ್ಯಾಬಿನ ಯಂತ್ರಗಳಲ್ಲಿ ಏನೂ ಬದಲಿಸಬೇಕಾಗಿಲ್ಲ. ಹೊಸ ಸರ್ವರಿನಲ್ಲಿ ‘ಕ್ಯಾಶ್ ಪಿಯರ್’ ಸಾಲು ಬರೆದು ಹಳೆಯದನ್ನು ‘ಸಿಬ್ಲಿಂಗ್’ (ಒಡಹುಟ್ಟಿದ ಸರ್ವರ್) ಎಂದು ತೋರಿಸಿ, ಎಚ್‌ಟಿಟಿಪಿಗೆ ಪೋರ್ಟ್ 3128, ‘ಈ ಫೈಲು ನಿನ್ನಲ್ಲಿದೆಯಾ’ ಎಂದು ಪ್ರಾಕ್ಸಿಗಳು ತಮ್ಮೊಳಗೆ ಕೇಳಿಕೊಳ್ಳುವ ಐಸಿಪಿಗೆ 3130. ಹೊಸದು ತನ್ನಲ್ಲಿ ಇಲ್ಲದ್ದನ್ನು ಮೊದಲು ಹಳೆಯದರ ಬಳಿ ಕೇಳುತ್ತದೆ. ಅಲ್ಲೂ ಇಲ್ಲದಿದ್ದರೆ ಇಂಟರ್ನೆಟ್ಟಿಗೆ ಹೋಗುತ್ತದೆ. ಜನ ನಿಜವಾಗಿ ಕೇಳುವ ಫೈಲುಗಳು ಮಾತ್ರ ಹೊಸ ಡಿಸ್ಕಿಗೆ ಬರುತ್ತವೆ, ವರ್ಷಗಟ್ಟಲೆ ಕೂತ ಕಸ ಹಿಂದೆಯೇ ಉಳಿಯುತ್ತದೆ.

ಇಲ್ಲಿ ಎಡವುವ ಜಾಗ ಎರಡು. ಹಳೆಯ ಸರ್ವರಿನಲ್ಲಿ ಐಸಿಪಿ ಪೋರ್ಟ್ 3130 ತಾನಾಗಿ ತೆರೆದಿರುವುದಿಲ್ಲ. ಅದನ್ನು ತೆರೆದು, ಹೊಸದರ ವಿಳಾಸಕ್ಕೆ ಎಚ್‌ಟಿಟಿಪಿ, ಐಸಿಪಿ ಎರಡಕ್ಕೂ ಅನುಮತಿ ಕೊಡಬೇಕು. ಫೈರ್‌ವಾಲ್‌ನಲ್ಲೂ 3130ರ ಯುಡಿಪಿ ಬಿಡಬೇಕು. ಇನ್ನೊಂದು, ಉದಾಹರಣೆಗಳಲ್ಲಿ ‘ಕ್ಯಾಶ್ ಪಿಯರ್’ ಸಾಲಿನ ಕೊನೆಗೆ ‘ಪ್ರಾಕ್ಸಿ ಓನ್ಲಿ’ ಎಂದು ಇರುವುದುಂಟು. ಅದನ್ನು ಹಾಕಿದರೆ ಹಳೆಯದರಿಂದ ತಂದದ್ದನ್ನು ಹೊಸದು ಉಳಿಸಿಕೊಳ್ಳುವುದೇ ಇಲ್ಲ.

ಹೊಸ ಸರ್ವರಿನಲ್ಲಿ ಫೈಲಿನ ಗರಿಷ್ಠ ಗಾತ್ರವನ್ನೂ ನೋಡಿ. ಅದು ಮೂಲತಃ 4 ಎಂಬಿ. ದೊಡ್ಡ ಪ್ಯಾಕೇಜುಗಳನ್ನು ಉಳಿಸಬೇಕೆಂದರೆ ಹೆಚ್ಚಿಸಿ, ಆ ಸಾಲು ‘ಕ್ಯಾಶ್ ಡಿರ್’ ಸಾಲಿಗಿಂತ ಮೇಲೆಯೇ ಇರಲಿ.

ಹಳೆಯದರ ಲಾಗಿನಲ್ಲಿ ಹಿಟ್‌ಗಳು ಅಪರೂಪವಾದಾಗ ‘ಕ್ಯಾಶ್ ಪಿಯರ್’ ಸಾಲು ತೆಗೆದು ಹಳೆಯ ಸರ್ವರನ್ನು ನಿಲ್ಲಿಸಿ. ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಡಿಸ್ಕನ್ನು ಪೂರ್ತಿ ಅಳಿಸಿ. ಅದರಲ್ಲಿರುವುದು ಕ್ಯಾಶ್ ಮಾತ್ರ ಅಲ್ಲ, ಯಾವ ಕಂಪ್ಯೂಟರಿನಿಂದ ಯಾವ ತಾಣ ನೋಡಿದರು ಎಂಬ ಲಾಗ್ ಕೂಡ ಅಲ್ಲೇ ಇದೆ.